ಅಲ್ಡಾಬ್ರಾ: ಲಕ್ಷ ಆಮೆಗಳ ದ್ವೀಪವನ್ನು ಕಾದದ್ದು ದೂರವೋ, ಜನವೋ?

ಹಕ್ಕಿಹುಚ್ಚ:
ಎಲ್ಲರಿಗೂ ನಮಸ್ಕಾರ. "ಲಕ್ಷಾಂತರ ವರ್ಷ ಹಿಂದೆ ಸತ್ತುಹೋದ ಹಕ್ಕಿ ಮತ್ತೆ ಜೀವ ತಳೆದು ಬಂತು" ಅಂತ ಒಂದು ಮೆಸೇಜು ನಮ್ಮ ಪಕ್ಷಿವೀಕ್ಷಕರ ಗುಂಪಿನಲ್ಲಿ ತಿರುಗ್ತಾ ಇದೆ. ಸೀಶೆಲ್ಸ್ ದೇಶದ ಅಲ್ಡಾಬ್ರಾ ಅನ್ನೋ ಹವಳದ ದ್ವೀಪದ ಕತೆಯಂತೆ. ನೋಡಿದ ಕೂಡಲೇ ಗಾಳಿಸುದ್ದಿ ಅನ್ನಿಸ್ತು. ಆದರೆ ಸ್ವಲ್ಪ ಕೆದಕಿದ್ರೆ ಆ ದ್ವೀಪವೇ ನನ್ನನ್ನ ಹಿಡಿದುಕೊಂಡು ಕೂತಿದೆ. ಮನುಷ್ಯರಿಗಿಂತ ಆಮೆಗಳೇ ಜಾಸ್ತಿ ಇರೋ ಜಾಗ ಇನ್ನೂ ಭೂಮಿ ಮೇಲೆ ಉಳಿದಿದೆಯಾ?

ಎರಡು ಪ್ರಶ್ನೆ. ಹಕ್ಕಿ ಸಮಾಚಾರ ನಿಜಾನಾ? ಅಲ್ಲಿಗೆ ಹೋಗಿ ಬರೋಕೆ ನಮ್ಮಂಥವರಿಗೆ ದಾರಿ ಇದೆಯಾ?

ಬೇರುಬಿಳಲು:
ಮೆಸೇಜಿನ ತಲೆಬರಹ ಸುಳ್ಳು, ಒಳಗಿನ ಸಂಗತಿ ಅದಕ್ಕಿಂತ ಚೆನ್ನಾಗಿದೆ.

ಅದು ಹುಂಡುಕೋಳಿ ಜಾತಿಯ ಹಕ್ಕಿ. ಬಿಳಿ ಗಂಟಲು, ಕೆಂಗಂದು ಮೈ, ಕೋಳಿಮರಿಗಿಂತ ಸ್ವಲ್ಪ ದೊಡ್ಡದು. ಇದರ ಮೂಲ ಬಳಗ ಮಡಗಾಸ್ಕರ್‌ನಲ್ಲಿದೆ, ಅಲ್ಲಿನದು ಹಾರುತ್ತೆ. ಯಾವುದೋ ಕಾಲದಲ್ಲಿ ಕೆಲವು ಹಾರಿ ಬಂದು ಅಲ್ಡಾಬ್ರಾದಲ್ಲಿ ಇಳಿದವು. ಅಟ್ಟಿಸಿಕೊಂಡು ಬರೋ ಪ್ರಾಣಿ ಇಲ್ಲ, ಹಾರಬೇಕಾದ ದರ್ದಿಲ್ಲ. ತಲೆಮಾರು ಕಳೆದಂತೆ ರೆಕ್ಕೆ ಕುಗ್ಗಿತು, ಕಾಲು ಬಲಿಯಿತು. ಆಮೇಲೆ ಸುಮಾರು 1,36,000 ವರ್ಷಗಳ ಹಿಂದೆ ಸಮುದ್ರ ಏರಿ ಇಡೀ ದ್ವೀಪವೇ ಮುಳುಗಿತು. ಹಾರಲಾರದ ಹಕ್ಕಿಗೆ ತಪ್ಪಿಸಿಕೊಳ್ಳೋಕೆ ದಾರಿ ಎಲ್ಲಿದೆ, ನಾಶವಾಯ್ತು. ನೀರು ಇಳಿದು ನೆಲ ಎದ್ದಮೇಲೆ ಮಡಗಾಸ್ಕರ್‌ನಿಂದ ಅದೇ ಬಳಗದ ಹಕ್ಕಿಗಳು ಮತ್ತೆ ಬಂದವು, ಮತ್ತೆ ಹಾರಾಟ ಬಿಟ್ಟವು. ಸುಮಾರು ಒಂದು ಲಕ್ಷ ವರ್ಷ ಹಳೆಯ ಎಲುಬುಗಳಲ್ಲಿ ಕಾಲಿನ ಕೀಲು ದಪ್ಪವಾಗ್ತಾ ಬಂದಿರೋದು ಕಾಣುತ್ತೆ. ಈ ಎರಡೂ ಕಾಲದ ಎಲುಬುಗಳನ್ನ ಅಕ್ಕಪಕ್ಕ ಇಟ್ಟು ವಿಜ್ಞಾನಿಗಳಾದ ಜೂಲಿಯನ್ ಹ್ಯೂಮ್ ಮತ್ತು ಡೇವಿಡ್ ಮಾರ್ಟಿಲ್ 2019ರಲ್ಲಿ ಪ್ರಬಂಧ ಪ್ರಕಟಿಸಿದರು.

ಸತ್ತ ಹಕ್ಕಿ ಎದ್ದು ಬರಲಿಲ್ಲ. ಒಂದೇ ಮನೆತನದವರು ಎರಡು ಸಲ ಬಂದು ನೆಲೆಸಿ, ಎರಡು ಸಲವೂ ಒಂದೇ ದಾರಿ ಹಿಡಿದರು, ಅಷ್ಟೆ.

ಲೆಕ್ಕದಮೇಷ್ಟ್ರು:
ಒಂದು ಸೇರಿಸ್ತೀನಿ. "ಮತ್ತೆ ಹುಟ್ಟಿತು" ಅಂತ ಹಂಚಿದವರು ಅದರಿಂದ ಎಳೆಯುವ ತೀರ್ಮಾನ ಏನು ನೋಡಿ: ಪ್ರಭೇದ ಅಳಿದ್ರೂ ಪ್ರಕೃತಿ ಮತ್ತೆ ಮಾಡಿಕೊಡುತ್ತೆ ಅಂತ. ಇಲ್ಲಿ ಮಾಡಿಕೊಟ್ಟದ್ದು ಯಾಕೆ ಅಂದ್ರೆ ಮಡಗಾಸ್ಕರ್‌ನಲ್ಲಿ ಮೂಲ ಬಳಗ ಉಳಿದಿತ್ತು, ಜೊತೆಗೆ ಸಾವಿರಾರು ವರ್ಷಗಳ ಬಿಡುವಿತ್ತು. ಅದೇ ಅಲ್ಡಾಬ್ರಾದಲ್ಲಿ ಪೊದೆಗಳಲ್ಲಿ ಉಲಿಯುವ ಒಂದು ಪುಟ್ಟ ಹಕ್ಕಿ ಇತ್ತು, ಅಲ್ಡಾಬ್ರಾ ಬ್ರಷ್ ವಾರ್ಬ್ಲರ್. ವಿಜ್ಞಾನಕ್ಕೆ ಗೊತ್ತಾದದ್ದು 1967ರಲ್ಲಿ. ಕಡೆಯದಾಗಿ ಕಂಡದ್ದು 1983ರಲ್ಲಿ. ಗುರುತು ಸಿಕ್ಕಿ ಹದಿನಾರು ವರ್ಷಕ್ಕೆ ಕತೆ ಮುಗೀತು. ಇಲಿ, ಬೆಕ್ಕು, ಮೇಕೆಗಳ ಮೇಲೆ ಅನುಮಾನ. ಅದನ್ನ ಯಾವ ಸಮುದ್ರವೂ ವಾಪಸ್ ತಂದುಕೊಡಲಿಲ್ಲ.

ಹಳೆಹಡಗು:
ಹೋಗುವ ದಾರಿಯ ಬಗ್ಗೆ ನಾನು ಹೇಳಬಹುದು. ಪ್ರವಾಸಿ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದಾಗ ಆ ಕಡೆ ಹೋಗಿದ್ದೆ.

ರಾಜಧಾನಿ ವಿಕ್ಟೋರಿಯಾ ಇರುವ ಮಾಹೆ ದ್ವೀಪದಿಂದ ಅಲ್ಡಾಬ್ರಾ 1,100 ಕಿ.ಮೀ.ಗೂ ಹೆಚ್ಚು ದೂರ. ಮಡಗಾಸ್ಕರ್ ಅದಕ್ಕಿಂತ ಹತ್ತಿರ, ಸುಮಾರು 420 ಕಿ.ಮೀ. ವಿಮಾನ ಇಳಿಯುವ ಪಟ್ಟಿ ಇಲ್ಲ, ಹೋಟೆಲ್ ಇಲ್ಲ, ಹಡಗುಕಟ್ಟೆಯೂ ಇಲ್ಲ. ಹಡಗಿನಲ್ಲೇ ಹೋಗಿ, ಹಡಗಿನಲ್ಲೇ ಮಲಗಿ, ಸಣ್ಣ ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಿ ಬರಬೇಕು. ಅದಕ್ಕೂ ಮೊದಲು ಸೀಶೆಲ್ಸ್ ಐಲೆಂಡ್ಸ್ ಫೌಂಡೇಶನ್‌ನ ಅನುಮತಿ ಬೇಕು. 1979ರಲ್ಲಿ ಶುರುವಾದ ಈ ಸಂಸ್ಥೆಯೇ ದ್ವೀಪವನ್ನು ನೋಡಿಕೊಳ್ಳುವುದು. 1982ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣ ಎಂದು ಘೋಷಿಸಿತು. ಅಲ್ಲಿರುವವರು ಅಂದರೆ ಪಿಕಾರ್ ಎಂಬ ಭಾಗದ ಸಂಶೋಧನಾ ಕೇಂದ್ರದ ಬೆರಳೆಣಿಕೆಯ ಸಿಬ್ಬಂದಿ ಮಾತ್ರ.

ಇಳಿಯುವ ಮುಂಚೆ ತಪಾಸಣೆ. ಬೂಟಿನ ಅಡಿಯ ಗೆರೆಗಳನ್ನು ಬ್ರಷ್ಷಿನಲ್ಲಿ ಉಜ್ಜಿ ತೋರಿಸಬೇಕು, ಚೀಲದ ಜೇಬುಗಳನ್ನು ಹೊರಮಗುಚಿ ಧೂಳು ಕೊಡವಬೇಕು. ಕಾಲುಚೀಲದ ನೂಲಿಗೆ ಹುಲ್ಲಿನ ಬೀಜ ಸಿಕ್ಕಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. ನಮ್ಮ ಜೊತೆಯವರೊಬ್ಬರ ಬೂಟಿನ ಅಂಟುಪಟ್ಟಿಯಿಂದ ಚಿಮಟದಲ್ಲಿ ಬೀಜ ತೆಗೆದರು. ಅವರು ಮುಖ ಸಣ್ಣದು ಮಾಡಿಕೊಂಡರು, ತಪಾಸಣೆಯವರು ಮಾತ್ರ ನಿರ್ವಿಕಾರ.

ನೆಲ ಅಂದರೆ ಮರಳದಂಡೆ ಎಂದುಕೊಳ್ಳಬೇಡಿ. ಬಹುಪಾಲು ಹಳೆಯ ಹವಳದ ಸುಣ್ಣಕಲ್ಲು, ಮಳೆ, ಉಪ್ಪುನೀರು ತಿಂದು ಕತ್ತಿಯಲುಗಿನಂತಾಗಿರುವ ಕಲ್ಲು. ಕಾಲು ಜಾರಿ ಕೈ ಊರಿದರೆ ಅಂಗೈ ಸೀಳುತ್ತದೆ. ನಾಲ್ಕು ದೊಡ್ಡ ತುಂಡುಗಳು ಸೇರಿ ಉಂಗುರ: ಗ್ರಾಂದ್ ತೇರ್, ಮಲಬಾರ್, ಪಿಕಾರ್, ಪೊಲಿಮ್ನಿ. ಒಟ್ಟು ನೆಲ ಸುಮಾರು 155 ಚದರ ಕಿ.ಮೀ., ನಡುವೆ ಅದಕ್ಕಿಂತ ದೊಡ್ಡ ಲಗೂನ್, ಅಂದರೆ ಉಂಗುರದೊಳಗೆ ನಿಂತ ಕಡಲನೀರು. ಭರತ-ಇಳಿತದ ಅಂತರ 3 ಮೀಟರಿಗೂ ಹೆಚ್ಚು. ಅಷ್ಟು ನೀರು ಕೆಲವೇ ಸಂದಿಗಳಲ್ಲಿ ಒಳಹೊರಗೆ ಹೋಗಬೇಕು. ಇಳಿತದ ಹೊತ್ತಿಗೆ ಸಂದಿಯಲ್ಲಿ ದೋಣಿ ಮೇಲಕ್ಕೆ ಹತ್ತುವುದೇ ಕಷ್ಟ, ಹೊಳೆಗೆ ಪ್ರವಾಹ ಬಂದಂತೆ ಎಳೆತ. ಲಗೂನಿನೊಳಗೆ ನೀರು ಇಳಿದರೆ ಬುಡ ಸವೆದ ಅಣಬೆಯಾಕಾರದ ಬಂಡೆಗಳು ಮೇಲೇಳುತ್ತವೆ.

ಹುಂಡುಕೋಳಿ ನೋಡಲು ಹುಡುಕಬೇಕಿಲ್ಲ, ಅದೇ ಬರುತ್ತದೆ. ನಾನು ಕೂತಿದ್ದಾಗ ಪೊದೆಯಿಂದ ಹೊರಬಂದು ಬೂಟಿನ ದಾರವನ್ನು ಕೊಕ್ಕಿನಲ್ಲಿ ಹಿಡಿದು ಎಳೆಯಿತು. ಹುಳ ಅಲ್ಲ ಎಂದು ಗೊತ್ತಾದ ಮೇಲೂ ಇನ್ನೊಂದು ಬೂಟಿನದನ್ನು ಎಳೆದು ನೋಡಿತು.

ಮಳೆಬಿಲ್ಲು:
ಸರ್, ಮಲಬಾರ್ ಅಂತ ಹೆಸರಿದೆಯಲ್ಲ ಅಲ್ಲಿ! ಇರಲಿ, ನನ್ನ ಆಸಕ್ತಿ ಆಮೆ ಮೇಲೆ. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿದ್ದ "ಅದ್ವೈತ" ಅಲ್ಡಾಬ್ರಾ ಆಮೆಯೇ ಅಲ್ವಾ? 2006ರಲ್ಲಿ ಸತ್ತಾಗ 255 ವರ್ಷ ಅಂತ ಪೇಪರಲ್ಲೆಲ್ಲ ಬಂದಿತ್ತು. ರಾಬರ್ಟ್ ಕ್ಲೈವ್ ಸಾಕಿದ್ದ ಆಮೆ ಅಂತ.

ಲೆಕ್ಕದಮೇಷ್ಟ್ರು:
ಹೌದು ಮೇಡಂ, ಅದೇ ಜಾತಿ. ಆದರೆ 255ಕ್ಕೆ ದಾಖಲೆ ಇಲ್ಲ. ಬ್ಯಾರಕ್‌ಪುರದ ತೋಟದಿಂದ 1870ರ ದಶಕದಲ್ಲಿ ಮೃಗಾಲಯಕ್ಕೆ ಬಂತು ಅನ್ನೋವರೆಗೆ ಒಪ್ಪಬಹುದು, ಅದರ ಹಿಂದಿನದು ಕೇಳಿಕೆಯ ಮಾತು. ಕ್ಲೈವ್ ಹೆಸರು ಸೇರಿದ್ರೆ ಆಮೆಗೆ ಇನ್ನಷ್ಟು ವಯಸ್ಸಾಗುತ್ತೆ. ನೂರು ದಾಟುತ್ತೆ ಅನ್ನೋದರಲ್ಲಿ ಸಂಶಯ ಬೇಡ. ಸೇಂಟ್ ಹೆಲೆನಾ ದ್ವೀಪದಲ್ಲಿರೋ ಜೊನಾಥನ್ ಇದೇ ಬಳಗದ್ದು. 1882ರಲ್ಲಿ ಅಲ್ಲಿಗೆ ಬಂದಾಗಲೇ ಪೂರ್ತಿ ಬೆಳೆದಿತ್ತು, ಅದರ ಮೇಲೆ ಹುಟ್ಟನ್ನ 1832ರ ಸುಮಾರು ಅಂತ ಹಿಡೀತಾರೆ.

ಬೇರುಬಿಳಲು:
ವಯಸ್ಸಿಗಿಂತ ನನಗೆ ಅಚ್ಚರಿ ಅವುಗಳ ಸಂಖ್ಯೆ. ಅಲ್ಡಾಬ್ರಾದಲ್ಲಿ ಸುಮಾರು ಒಂದು ಲಕ್ಷ ದೈತ್ಯ ಆಮೆಗಳಿವೆ. ಬಲಿತ ಗಂಡು 250 ಕಿಲೋ ತೂಗಬಲ್ಲದು. ಬೇರೆ ಕಡೆ ಆನೆ, ಜಿಂಕೆ, ಕಾಡೆಮ್ಮೆಗಳು ಮಾಡೋ ಮೇಯುವ ಕೆಲಸವನ್ನ ಇಲ್ಲಿ ಪೂರ್ತಿಯಾಗಿ ಒಂದು ಸರೀಸೃಪ ಮಾಡುತ್ತೆ.

ಅದರ ಗುರುತು ಹುಲ್ಲಿನಲ್ಲೇ ಇದೆ. ಆಮೆ ಮೇಯುವ ಬಯಲಿನಲ್ಲಿ ಇಪ್ಪತ್ತರಷ್ಟು ಬಗೆಯ ಹುಲ್ಲು, ಗಿಡ ಸೇರಿ ಒಂದು ಕುಳ್ಳ ಹಾಸು ಆಗಿದೆ. ತೆನೆಯನ್ನ ಮೇಲೆ ಎತ್ತಿದ ಗಿಡದ ಬೀಜ ಆಮೆಯ ಬಾಯಿಗೆ ಹೋಗುತ್ತೆ. ಹಾಗಾಗಿ ನೆಲಕ್ಕೆ ಅಂಟಿಕೊಂಡು, ಎಲೆಯ ಬುಡದಲ್ಲೇ ಬೀಜ ಕಟ್ಟೋವು ಉಳಿದುಕೊಂಡವು. ಸಾವಿರಾರು ವರ್ಷ ಆಮೆ ಮೇದು ಮೇದು ಗಿಡದ ಆಕಾರವೇ ಬದಲಾಗಿದೆ.

ಇನ್ನೊಂದು. ಗ್ರಾಂದ್ ತೇರ್‌ನಲ್ಲಿ ಆಮೆಗಳು ಕಿಕ್ಕಿರಿದಿವೆ, ಅಲ್ಲಿ ಅವು ಸಣ್ಣ ಗಾತ್ರದವು. ಹೆಣ್ಣು ಒಂದು ಸಲಕ್ಕೆ ನಾಲ್ಕೈದು ಮೊಟ್ಟೆ ಇಡುತ್ತೆ, ಅದೂ ಪ್ರತಿ ವರ್ಷ ಅಲ್ಲ. ಆಮೆ ವಿರಳವಾಗಿರೋ ಕಡೆ ಹೆಣ್ಣು ದೊಡ್ಡದು, ಒಂದು ಗೂಡಿಗೆ ಹತ್ತಕ್ಕೂ ಹೆಚ್ಚು ಮೊಟ್ಟೆ. ಮೇವು ಎಷ್ಟಿದೆಯೋ ಸಂತಾನ ಅಷ್ಟು. ಹೊರಗಿನವರು ಬಂದು ಲೆಕ್ಕ ಸರಿಮಾಡಬೇಕಾಗಿಲ್ಲ.

ಆದರೆ ನೆರಳು ಇಲ್ಲದಿದ್ರೆ ಇದೆಲ್ಲ ಮುಗೀತು. ಬಿಸಿಲು ಏರೋ ಮುಂಚೆ ಮರದಡಿ ಸೇರದ ಆಮೆ ಚಿಪ್ಪಿನೊಳಗೇ ಬೆಂದು ಸಾಯುತ್ತೆ. ಒಂದೊಂದು ಪೊದೆಯಡಿ ಒಂದರ ಪಕ್ಕ ಒಂದು ಒತ್ತಿಕೊಂಡು ಮಲಗಿರೋ ಚಿತ್ರ ನೋಡಿರ್ತೀರಿ. ನೀರಿಗೂ ಅಷ್ಟೇ ಬರ. ಬಂಡೆಯ ತಗ್ಗಿನಲ್ಲಿ ಬೆರಳು ಮುಳುಗದಷ್ಟು ಮಳೆನೀರು ನಿಂತಿದ್ರೆ ಮೂಗಿನ ಹೊಳ್ಳೆಯಿಂದಲೇ ಎಳೆದು ಕುಡಿಯಬಲ್ಲವು.

ಹಕ್ಕಿಹುಚ್ಚ:
ಬೇರುಬಿಳಲು ಮೇಡಂ, ದ್ವೀಪ ಪೂರ್ತಿ ಮುಳುಗಿತ್ತು ಅಂದ್ರಲ್ಲ. ಹಾಗಾದ್ರೆ ಆಮೆ ಹೇಗೆ ಬಂತು? ಅದಕ್ಕೆ ರೆಕ್ಕೆ ಇಲ್ಲ, ಕಡಲಾಮೆಯ ಹಾಗೆ ಈಜುಗಾಲೂ ಇಲ್ಲ.

ಬೇರುಬಿಳಲು:
ತೇಲಿಕೊಂಡು. ಊಹೆ ಅಂತ ತಳ್ಳಿಹಾಕಬೇಡಿ. 2004ರ ಡಿಸೆಂಬರಿನಲ್ಲಿ ಟಾಂಜಾನಿಯಾದ ಕಿಂಬಿಜಿ ದಡಕ್ಕೆ ಒಂದು ಅಲ್ಡಾಬ್ರಾ ಆಮೆ ನಡೆದು ಬಂತು, ಸಮುದ್ರದಿಂದ. ಬಡಕಲಾಗಿತ್ತು, ಆದರೆ ಜೀವಂತ. ಕಾಲು ಮತ್ತು ಚಿಪ್ಪಿನ ಕೆಳಭಾಗಕ್ಕೆ ಹಡಗಿನ ತಳಕ್ಕೆ ಅಂಟೋ ಜಾತಿಯ ಚಿಪ್ಪುಜೀವಿಗಳು ಬೆಳೆದಿದ್ದವು. ವಾರಗಟ್ಟಲೆ ನೀರಲ್ಲಿ ಇದ್ದದ್ದಕ್ಕೆ ಅದೇ ಸಾಕ್ಷಿ. ಅನ್ನ ನೀರು ಇಲ್ಲದೆ ತಿಂಗಳುಗಟ್ಟಲೆ ಬದುಕೋ ದೇಹ ಅದು.

ಅದೇ ಗುಣ ಅವುಗಳಿಗೆ ಮುಳುವೂ ಆಯ್ತು. ನಾವಿಕರು ಜೀವಂತ ಆಮೆಗಳನ್ನ ಹಡಗಿನ ಅಡಿಯಲ್ಲಿ ಪೇರಿಸಿಟ್ಟು ಬೇಕಾದಾಗ ಕೊಯ್ದು ತಿಂತಿದ್ರು. ಮಾರಿಷಸ್, ರಾಡ್ರಿಗಸ್, ರಿಯೂನಿಯನ್‌ನ ದೈತ್ಯ ಆಮೆಗಳು ಹೀಗೇ ಮುಗಿದುಹೋದವು.

ಸುಮ್ನಿರಲಾರದವ:
ಎಲ್ಲ ಓದಿದೆ. ನನಗೆ ಅರ್ಥ ಆಗಿದ್ದು ಇಷ್ಟು: ಯಾರೂ ಹೋಗೋಕಾಗದ ಜಾಗ, ಅದಕ್ಕೇ ಉಳಿದಿದೆ. ಸಂರಕ್ಷಣೆ ಸಂಸ್ಥೆ, ಯುನೆಸ್ಕೋ, ಬೂಟು ಉಜ್ಜೋ ಶಾಸ್ತ್ರ ಇದೆಲ್ಲ ಆಮೇಲೆ ಅಂಟಿಸಿದ ಲೇಬಲ್ಲು. ಸಾವಿರ ಕಿಲೋಮೀಟರ್ ಸಮುದ್ರಕ್ಕಿಂತ ದೊಡ್ಡ ಫಾರೆಸ್ಟ್ ಗಾರ್ಡ್ ಯಾರಿದ್ದಾರೆ?

ಹಳೆಹಡಗು:
ಇಲ್ಲಪ್ಪ, ಇದನ್ನು ಒಪ್ಪಲಾರೆ. ನಕ್ಷೆ ತೆಗೆದು ಅಲ್ಡಾಬ್ರಾದ ಪಕ್ಕದಲ್ಲಿರುವ ಅಸಂಪ್ಷನ್ ದ್ವೀಪವನ್ನು ನೋಡಿ. ಎರಡರ ನಡುವೆ ಸುಮಾರು 27 ಕಿ.ಮೀ. ಅಷ್ಟೇ ದೂರ, ಅದೇ ಸಮುದ್ರ, ಅದೇ ಸುಣ್ಣಕಲ್ಲು. ಅಲ್ಲಿಯೂ ಹುಂಡುಕೋಳಿಯ ತನ್ನದೇ ಒಳಬಗೆ ಇತ್ತು. ಅಬಟ್ಸ್ ಬೂಬಿ ಎಂಬ ಕಡಲಹಕ್ಕಿಯನ್ನು ವಿಜ್ಞಾನ ಮೊದಲು ಗುರುತಿಸಿದ್ದೇ ಆ ದ್ವೀಪದಲ್ಲಿ ಹಿಡಿದ ಮಾದರಿಯಿಂದ. 20ನೇ ಶತಮಾನದ ಮೊದಲ ಭಾಗದಲ್ಲಿ ಹಕ್ಕಿಹಿಕ್ಕೆಯ ಗೊಬ್ಬರಕ್ಕಾಗಿ ದ್ವೀಪವನ್ನು ಅಗೆದು ಹಾಕಿದರು. ಮರ ಹೋಯಿತು, ಹುಂಡುಕೋಳಿ ಹೋಯಿತು, ಬೂಬಿ ಹೋಯಿತು. ಇವತ್ತು ಅಬಟ್ಸ್ ಬೂಬಿ ಗೂಡು ಕಟ್ಟುವುದು ಜಗತ್ತಿನಲ್ಲಿ ಒಂದೇ ಕಡೆ, ಹಿಂದೂ ಮಹಾಸಾಗರದ ಆ ತುದಿಯ ಕ್ರಿಸ್ಮಸ್ ದ್ವೀಪದಲ್ಲಿ.

ದೂರವೇ ಕಾವಲಾಗಿದ್ದರೆ ಅಸಂಪ್ಷನ್ ಕೂಡ ಉಳಿಯಬೇಕಿತ್ತು. ಗೊಬ್ಬರಕ್ಕೆ ದುಡ್ಡು ಸಿಗುತ್ತದೆ ಎಂದಾಗ ಯಾರಿಗೂ ಸಮುದ್ರ ದೊಡ್ಡದಾಗಿ ಕಾಣಲಿಲ್ಲ.

ಅಲ್ಡಾಬ್ರಾಕ್ಕೂ ಜನ ಹೋಗದೆ ಬಿಟ್ಟಿರಲಿಲ್ಲ. ಲಂಡನ್ನಿನ ಸೂಪಿಗಾಗಿ ಹಸಿರು ಕಡಲಾಮೆಗಳನ್ನು ಸಾವಿರಗಟ್ಟಲೆ ಕೊಂದರು. ನೆಲದ ಆಮೆಗಳೂ ತೀರಾ ಕಡಿಮೆಯಾದಾಗ, 1874ರಲ್ಲಿ ಚಾರ್ಲ್ಸ್ ಡಾರ್ವಿನ್, ಜೋಸೆಫ್ ಹುಕರ್ ಮೊದಲಾದವರು ಸಹಿ ಹಾಕಿ ಮಾರಿಷಸ್ ಗವರ್ನರಿಗೆ ಪತ್ರ ಬರೆದರು. ಆಗ ಸೀಶೆಲ್ಸ್ ಮಾರಿಷಸ್ ಆಡಳಿತದ ಕೆಳಗಿತ್ತು. ಕಾಡುಪ್ರಾಣಿಯೊಂದನ್ನು ಅದಿರುವ ಜಾಗದಲ್ಲೇ ಉಳಿಸಿ ಎಂದು ವಿಜ್ಞಾನಿಗಳು ಸರ್ಕಾರವನ್ನು ಕೇಳಿಕೊಂಡ ತೀರಾ ಹಳೆಯ ಪ್ರಸಂಗಗಳಲ್ಲಿ ಅದೊಂದು.

ಇನ್ನು 1960ರ ದಶಕ. 1965ರಲ್ಲಿ ಬ್ರಿಟನ್ ಅಲ್ಡಾಬ್ರಾವನ್ನು ಸೀಶೆಲ್ಸ್‌ನಿಂದ ಕಿತ್ತು ಹೊಸ "ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ"ಕ್ಕೆ ಸೇರಿಸಿತು. ಉದ್ದೇಶ, ವಾಯುಪಡೆಯ ನೆಲೆ. ರನ್‌ವೇ ಬಂದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ಎದ್ದು ನಿಂತಿತು, ಜೂಲಿಯನ್ ಹಕ್ಸ್‌ಲಿ, ಡೇವಿಡ್ ಸ್ಟಾಡರ್ಟ್‌ರಂಥ ವಿಜ್ಞಾನಿಗಳು ಬರೆದರು, ಬ್ರಿಟನ್ನಿನ ಸಂಸತ್ತಿನಲ್ಲಿ ಸದಸ್ಯ ಟ್ಯಾಮ್ ಡಾಲಿಯೆಲ್ ಪ್ರಶ್ನೆಗಳ ಸುರಿಮಳೆ ಹರಿಸಿದರು. ಸಾವಿರಾರು ಫ್ರಿಗೇಟ್ ಎಂಬ ದೊಡ್ಡ ಕಡಲಹಕ್ಕಿಗಳು ಸುತ್ತುವ ಆಕಾಶದಲ್ಲಿ ವಿಮಾನ ಹಾರಿಸುವುದೇ ಅಪಾಯ ಎಂಬ ವಾದವೂ ಬಂತು.

ಲೆಕ್ಕದಮೇಷ್ಟ್ರು:
ಹಡಗಿನವರೇ, ಆ ಅಧ್ಯಾಯದ ಕೊನೆಯನ್ನೂ ಹೇಳಿಬಿಡಿ. 1967ರ ನವೆಂಬರಿನಲ್ಲಿ ಬ್ರಿಟನ್ ಪೌಂಡಿನ ಬೆಲೆಯನ್ನ 2.80 ಡಾಲರಿಂದ 2.40ಕ್ಕೆ ಇಳಿಸಿತು. ಖಜಾನೆ ಖಾಲಿ. ಕೆಲವೇ ದಿನಗಳಲ್ಲಿ ನೆಲೆಯ ಯೋಜನೆ ರದ್ದು. ಪತ್ರ ಬರೆದವರ ಹೋರಾಟ ಯೋಜನೆಯನ್ನ ಎಳೆದಾಡಿಸಿತು, ಸಾಯಿಸಿದ್ದು ದುಡ್ಡಿನ ಮುಗ್ಗಟ್ಟು. ಎಳೆದಾಡಿಸದೆ ಇದ್ದಿದ್ರೆ ಮುಗ್ಗಟ್ಟು ಬರೋ ಹೊತ್ತಿಗೆ ಕಾಂಕ್ರೀಟ್ ಬಿದ್ದಿರ್ತಿತ್ತು ಅನ್ನೋದೂ ಅಷ್ಟೇ ನಿಜ.

ಮಳೆಬಿಲ್ಲು:
ಈ ಕತೆ ಹೇಳುವಾಗ ಎಲ್ಲರೂ ಒಂದು ವಿಷಯ ಬಿಟ್ಟುಬಿಡ್ತಾರೆ. ಅದೇ ವರ್ಷಗಳಲ್ಲಿ, ಅದೇ ಹೊಸ ಪ್ರದೇಶದ ಚಾಗೋಸ್ ದ್ವೀಪಗಳಿಂದ ಸಾವಿರಕ್ಕೂ ಹೆಚ್ಚು ಜನರನ್ನ ಎತ್ತಂಗಡಿ ಮಾಡಿದ್ರು. 1973ರ ಹೊತ್ತಿಗೆ ಅಲ್ಲಿ ಒಬ್ಬ ಮೂಲನಿವಾಸಿಯೂ ಉಳಿದಿರಲಿಲ್ಲ. ಆ ದ್ವೀಪಗಳಲ್ಲೊಂದಾದ ಡಿಯೇಗೊ ಗಾರ್ಸಿಯಾದಲ್ಲಿ ಅಮೆರಿಕದ ನೆಲೆ ಬಂತು. ಅಲ್ಡಾಬ್ರಾ ತಪ್ಪಿದ್ದಕ್ಕೇ ಅಲ್ಲಿಗೆ ಹೋದ್ರು ಅಂತ ನೇರ ಗೆರೆ ಎಳೆಯೋಕಾಗಲ್ಲ, ಡಿಯೇಗೊ ಗಾರ್ಸಿಯಾ ಮೊದಲಿಂದಲೂ ಅವರ ಪಟ್ಟಿಯಲ್ಲಿತ್ತು. ಆದರೆ ಆಮೆಗೆ ಸಿಕ್ಕ ವಕೀಲರಲ್ಲಿ ಕಾಲುಭಾಗವೂ ಆ ಜನಕ್ಕೆ ಸಿಗಲಿಲ್ಲ. ಆಮೆ ಉಳಿದದ್ದು ನನಗೂ ಖುಷಿಯೇ. ಓದಿದಾಗೆಲ್ಲ ಅದೊಂದು ಚುಚ್ಚುತ್ತೆ.

ಹಳೆಹಡಗು:
ಚುಚ್ಚಬೇಕಾದ ಮಾತೇ, ತಾಯಿ. ಅಲ್ಡಾಬ್ರಾ ಮಾತ್ರ 1976ರಲ್ಲಿ ಸೀಶೆಲ್ಸ್ ಸ್ವತಂತ್ರವಾದಾಗ ಅದಕ್ಕೆ ವಾಪಸ್ ಸಿಕ್ಕಿತು. ಚಾಗೋಸ್‌ನವರು ಇನ್ನೂ ಊರಿಗೆ ಮರಳುವ ಹಕ್ಕಿಗಾಗಿ ಅಲೆಯುತ್ತಿದ್ದಾರೆ.

ಉಪ್ಪುನೀರು:
ಅಸಂಪ್ಷನ್ ಹೆಸರು ಬಂತು, ಹಾಗಾಗಿ ನಮ್ಮ ದೇಶದ ಬುಡಕ್ಕೂ ಬರುವ ಮಾರಾಯ್ರೆ. ಅಲ್ಲಿ ಭಾರತದ ನೆರವಿನಲ್ಲಿ ಮಿಲಿಟರಿ ಸೌಕರ್ಯ ಕಟ್ಟುವ ಒಪ್ಪಂದ 2015ರಲ್ಲಿ ಆಗಿತ್ತು, 2018ರ ಜನವರಿಯಲ್ಲಿ ತಿದ್ದಿ ಮತ್ತೆ ಸಹಿ ಹಾಕಿದ್ರು. ಸೀಶೆಲ್ಸ್‌ನಲ್ಲಿ ಜನ ಬೀದಿಗಿಳಿದ್ರು. ಅದೇ ವರ್ಷ ಜೂನಿನಲ್ಲಿ ಅಲ್ಲಿನ ಅಧ್ಯಕ್ಷ ಡ್ಯಾನಿ ಫೋರ್ ಅದನ್ನು ಸಂಸತ್ತಿನ ಮುಂದೆ ಇಡುವುದಿಲ್ಲ ಅಂದ್ರು. ಅಲ್ಲಿಗೆ ನಿಂತಿತು. ವಿರೋಧಕ್ಕೆ ಕಾರಣ ಸಾರ್ವಭೌಮತ್ವ ಒಂದೇ ಅಲ್ಲ, ಅಲ್ಡಾಬ್ರಾ ಕೂಡ ಉಂಟು.

ಸುಮ್ನಿರಲಾರದವ:
ಬಂತು ನೋಡಿ. ಚೀನಾ ಹಡಗುಗಳು ಮಹಾಸಾಗರ ಪೂರ್ತಿ ಓಡಾಡ್ತಾ ಇವೆ, ನಾವು ಆಮೆ ಲೆಕ್ಕ ಹಾಕ್ತಾ ಕೂರೋಣ. ಅಸಂಪ್ಷನ್ ಅಂತೂ ಮೊದಲೇ ಹಾಳಾಗಿದೆ ಅಂತ ನೀವೇ ಅಂದ್ರಿ. ಹಾಳಾದ ಜಾಗದಲ್ಲಿ ಕಟ್ಟಿದ್ರೆ ಇನ್ನೇನು ಹಾಳಾಗೋದಿದೆ?

ಉಪ್ಪುನೀರು:
ಪಕ್ಕದ ದ್ವೀಪ ಹಾಳಾಗುವುದು! ಅಸಂಪ್ಷನ್‌ಗೆ 1970ರ ದಶಕದಲ್ಲಿ ಯಾರೋ ಪಿಕಳಾರ ತಂದು ಬಿಟ್ಟಿದ್ರು. ನಮ್ಮಲ್ಲಿ ಬೇಲಿ ಮೇಲೆ ಕೂತು ಹಾಡುವ ಕೆಂಪುಕೆನ್ನೆಯ ಪಿಕಳಾರವೇ, ಬೇರೆ ಏನಲ್ಲ. ಜೊತೆಗೆ ಮಡಗಾಸ್ಕರ್‌ನ ಕೆಂಪು ಫೋಡಿ ಅಂತ ಒಂದು ಹಕ್ಕಿ. ಎರಡೂ ಹೆಚ್ಚಿ ಹೆಚ್ಚಿ ಸಾವಿರಗಟ್ಟಲೆ ಆದವು. ಫೋಡಿ ಅಲ್ಡಾಬ್ರಾಕ್ಕೂ ಹಾರಿ ಅಲ್ಲಿನ ಸ್ವಂತ ಫೋಡಿಯ ಜೊತೆ ಬೆರಕೆ ಆಗಲಿಕ್ಕೆ ಶುರುವಾಯ್ತು. ಕೊನೆಗೆ ಅಸಂಪ್ಷನ್‌ನಲ್ಲಿ ಬಲೆ ಹಾಕಿ, ಕೋವಿ ಹಿಡಿದು, ವರ್ಷಗಟ್ಟಲೆ ಬೆನ್ನುಬಿದ್ದು ಎರಡನ್ನೂ ಪೂರ್ತಿ ತೆಗೆಯಬೇಕಾಯ್ತು. ಆಮೇಲೆ ಅದೇ ದ್ವೀಪದಲ್ಲಿ ಐಷಾರಾಮಿ ರೆಸಾರ್ಟಿನ ಕಾಮಗಾರಿ ಶುರುವಾಯ್ತು. ಜಲ್ಲಿ, ಮರಳು, ಸಸಿ, ಮಣ್ಣು ಹೊತ್ತ ಒಂದೊಂದು ಬಾರ್ಜಿನಲ್ಲೂ ಏನೆಲ್ಲ ಇಳೀಬಹುದು ಅಂತ ಯೋಚನೆ ಮಾಡಿ.

ನಿರ್ವಾಹಕ:
ಚೀನಾ-ಭಾರತದ ಚರ್ಚೆಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಅದೇ ವಿಷಯದ ಮೂರು ಪ್ರತಿಕ್ರಿಯೆಗಳನ್ನು ಅಲ್ಲಿಗೆ ಸರಿಸಲಾಗಿದೆ.

ಬೇರುಬಿಳಲು:
ಹೊರಗಿಂದ ಬಂದದ್ದನ್ನ ತೆಗೆಯೋದು ಎಷ್ಟು ಕಷ್ಟ ಅಂದ್ರೆ ಮೇಕೆ ಉದಾಹರಣೆ ಸಾಕು. ಅಲ್ಡಾಬ್ರಾದಲ್ಲಿ 19ನೇ ಶತಮಾನದಲ್ಲಿ ಬಿಟ್ಟ ಮೇಕೆಗಳು ಪೊದೆಗಳನ್ನ ಬೋಳಿಸಿದವು. ಪೊದೆ ಹೋದ್ರೆ ಆಮೆಗೆ ನೆರಳು ಹೋಯ್ತು. 1980ರ ದಶಕದಲ್ಲಿ ಶುರುವಾದ ಬೇಟೆ ಮುಗಿದದ್ದು 2012ರಲ್ಲಿ. ಕೊನೆಕೊನೆಗೆ ಉಳಿದ ಹತ್ತಿಪ್ಪತ್ತು ಮೇಕೆಗಳು ಆ ಕತ್ತಿಕಲ್ಲಿನ ಕಾಡಲ್ಲಿ ಕಣ್ಣಿಗೇ ಬೀಳ್ತಿರಲಿಲ್ಲ. ಅದಕ್ಕೆ ಒಂದು ಮೇಕೆಯನ್ನ ಜೀವಂತ ಹಿಡಿದು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಡೋದು. ಮೇಕೆ ಒಂಟಿ ಇರಲ್ಲ, ಹುಡುಕಿಕೊಂಡು ಹೋಗಿ ಮಿಕ್ಕವನ್ನ ಸೇರಿಕೊಳ್ಳುತ್ತೆ. ಸಿಗ್ನಲ್ ಹಿಡಿದು ಬೇಟೆಯವರು ಹಿಂದೆ ಹೋಗಿ ಮಿಕ್ಕವನ್ನ ಹೊಡೆದು ಪಟ್ಟಿಯದನ್ನ ಮಾತ್ರ ಬಿಡ್ತಾರೆ. ಅದು ಮತ್ತೆ ಹುಡುಕಿಕೊಂಡು ಹೊರಡುತ್ತೆ. ಕೇಳೋಕೆ ಕ್ರೂರ. ಬೇರೆ ದಾರಿ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ.

ಬೆಕ್ಕು, ಇಲಿ ಇನ್ನೂ ಇವೆ. ಪಿಕಾರ್‌ನಲ್ಲಿ ಬೆಕ್ಕುಗಳು ಹುಂಡುಕೋಳಿಯನ್ನ ಪೂರ್ತಿ ಮುಗಿಸಿದ್ದವು. ಆ ಭಾಗದಲ್ಲಿ ಬೆಕ್ಕು ಇಲ್ಲವಾದ ಮೇಲೆ 1999ರಲ್ಲಿ ಮಲಬಾರ್ ಭಾಗದಿಂದ ಇಪ್ಪತ್ತಕ್ಕೂ ಕಡಿಮೆ ಹಕ್ಕಿ ತಂದು ಬಿಟ್ಟರು. ಹಳೆಹಡಗು ಸರ್ ಬೂಟಿನ ದಾರ ಎಳೆದದ್ದು ಅವುಗಳ ಮೊಮ್ಮಕ್ಕಳೇ ಇರಬೇಕು. ಬೆಕ್ಕಿರೋ ಗ್ರಾಂದ್ ತೇರ್‌ನಲ್ಲಿ ಇವತ್ತಿಗೂ ಹುಂಡುಕೋಳಿ ಇಲ್ಲ.

ಮಳೆಬಿಲ್ಲು:
ಬರೀ ಕೆಟ್ಟ ಸುದ್ದಿ ಆಯ್ತು. ಒಳ್ಳೇದೂ ಇದೆ: ಅಲ್ಡಾಬ್ರಾದಲ್ಲಿ 1968ರಲ್ಲಿ ಹಸಿರು ಕಡಲಾಮೆ ಹಿಡಿಯೋದನ್ನ ನಿಲ್ಲಿಸಿದ್ರು. ಆಗ ವರ್ಷಕ್ಕೆ ಎರಡು ಮೂರು ಸಾವಿರ ಗೂಡು. ಐವತ್ತು ವರ್ಷ ದಡದ ಮೇಲಿನ ಆಮೆ ಹೆಜ್ಜೆಗಳನ್ನ ಎಣಿಸ್ತಾ ಬಂದ್ರು, ಈಗ ವರ್ಷಕ್ಕೆ ಸುಮಾರು ಹದಿನೈದು ಸಾವಿರ. ಮೊಟ್ಟೆಯಿಂದ ಬಂದ ಮರಿ ತಾಯಾಗೋಕೆ ದಶಕಗಳೇ ಬೇಕು. ಮೊದಲು ಎಣಿಸೋಕೆ ಕೂತವರಲ್ಲಿ ಎಷ್ಟು ಜನ ಈ ಫಲ ನೋಡಿದ್ರೋ.

ಉಪ್ಪುನೀರು:
ಅದೇ ದಡದಲ್ಲಿ ಈಗ ಆಮೆ ಹತ್ತಬೇಕಾದ್ರೆ ಚಪ್ಪಲಿ ರಾಶಿ ದಾಟಬೇಕು. ತಮಾಷೆ ಅಲ್ಲ. 2019ರಲ್ಲಿ ಸೀಶೆಲ್ಸ್‌ನ ಹುಡುಗರು, ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ಸೇರಿ ಐದು ವಾರ ಹೆಣಗಾಡಿ 25 ಟನ್ ಕಸ ಎತ್ತಿದ್ರು. ಆಮೇಲೆ ಲೆಕ್ಕ ಹಾಕಿದ್ರೆ ಇನ್ನೂ 500 ಟನ್ನಿಗೂ ಹೆಚ್ಚು ಉಳಿದುಂಟು! ಪೂರ್ತಿ ತೆಗೆಯಲಿಕ್ಕೆ ಸುಮಾರು 46.8 ಲಕ್ಷ ಡಾಲರ್ ಬೇಕು ಅಂತ ಅವರ ಅಂದಾಜು. ಚಪ್ಪಲಿಯೇ ಲಕ್ಷಗಟ್ಟಲೆ. ಆದ್ರೆ ತೂಕ ನೋಡಿದ್ರೆ ನೂರರಲ್ಲಿ 83 ಪಾಲು ಮೀನುಗಾರಿಕೆಯ ಸಾಮಾನು: ಬಲೆ, ಹಗ್ಗ, ಬೆಂಡು. ಟ್ಯೂನಾ ಹಿಡಿಯುವ ದೊಡ್ಡ ಹಡಗುಗಳು ಮೀನು ಗುಂಪುಗೂಡಲಿ ಅಂತ ತೆಪ್ಪ ತೇಲಿಬಿಡ್ತವೆ, ಕೆಳಗೆ ಹಳೇ ಬಲೆ ಇಳಿಬಿಟ್ಟು. ತೆಪ್ಪ ಕಳೆದುಹೋದ್ರೆ ಹೋಯ್ತು, ಅವರಿಗೆ ಲೆಕ್ಕಕ್ಕಿಲ್ಲ. ಅದು ಹವಳದ ಮೇಲೆ ಸಿಕ್ಕಿಹಾಕಿಕೊಂಡು ಅಲೆಗೆ ಉಜ್ಜಿ ಉಜ್ಜಿ ಹವಳ ಮುರೀತದೆ.

ಮೀನು ತಿಂದವರು ಬೇರೆ ದೇಶದವರು. ಚಪ್ಪಲಿ ಎಸೆದವರು ಮತ್ತೊಂದು ದೇಶದವರು. ಗುಡಿಸುವುದು ಒಂದು ಲಕ್ಷ ಚಿಲ್ಲರೆ ಜನ ಇರುವ ಸಣ್ಣ ದೇಶ.

ಸುಮ್ನಿರಲಾರದವ:
ಸರಿ, ದೂರ ಇದ್ರೆ ಸಾಕು ಅನ್ನೋ ನನ್ನ ವಾದಕ್ಕೆ ಚಪ್ಪಲಿ ಏಟು ಬಿತ್ತು ಅಂತಾನೇ ಇಟ್ಕೊಳ್ಳಿ. ಅಸಂಪ್ಷನ್ ವಿಷಯದಲ್ಲಿ ಮಾತ್ರ ನಾನು ಕದಲಲ್ಲ. ಆದ್ರೆ ಒಂದು ಹೇಳಿ, ಈ ಸಿಬ್ಬಂದಿ, ದೋಣಿ, ಡೀಸೆಲ್, ಮೇಕೆ ಬೇಟೆ ಇದಕ್ಕೆಲ್ಲ ದುಡ್ಡು ಯಾರಪ್ಪಂದು? ಪ್ರವಾಸಿಗಳನ್ನೂ ಹೆಚ್ಚು ಬಿಡಲ್ಲ ಅಂತೀರಿ.

ಬೇರುಬಿಳಲು:
ಅಲ್ಡಾಬ್ರಾ ನೋಡಿಕೊಳ್ಳೋ ಸೀಶೆಲ್ಸ್ ಐಲೆಂಡ್ಸ್ ಫೌಂಡೇಶನ್‌ನ ಕೈಯಲ್ಲೇ ಇನ್ನೊಂದು ವಿಶ್ವ ಪರಂಪರೆಯ ತಾಣ ಇದೆ, ಪ್ರಾಸ್ಲಿನ್ ದ್ವೀಪದ ವಾಲೆ ದ ಮೇ. ಜೋಡುತೆಂಗು, ಕೊಕೊ ದ ಮೇರ್ ಅಂತಾರಲ್ಲ, ಅದರ ಕಾಡು. ಮಾಹೆಯಿಂದ ಸುಲಭವಾಗಿ ಹೋಗಬಹುದು, ಪ್ರವಾಸಿಗಳು ಸಾಲುಗಟ್ಟಿ ಬರ್ತಾರೆ. ಅಲ್ಲಿನ ಟಿಕೆಟ್ ಹಣದಲ್ಲೇ ಅಲ್ಡಾಬ್ರಾದ ಬಹುಪಾಲು ಖರ್ಚು ನಡೀತಾ ಬಂದದ್ದು. ತೆಂಗಿನ ಕಾಡು ನೋಡೋಕೆ ಬಂದವರು ಸಾವಿರ ಕಿಲೋಮೀಟರ್ ಆಚೆಯ ಆಮೆ ಸಾಕ್ತಾರೆ, ಬಹಳ ಜನಕ್ಕೆ ಅದು ಗೊತ್ತೂ ಇರಲ್ಲ. 2020ರಲ್ಲಿ ಕೊರೊನಾ ಬಂದು ವಿಮಾನ ನಿಂತಾಗ ಈ ಏರ್ಪಾಡಿನ ಬಡತನ ಬಯಲಾಯ್ತು.

ಹಕ್ಕಿಹುಚ್ಚ:
ಗುಂಪಿಗೆ ಹುಂಡುಕೋಳಿಯ ನಿಜವಾದ ಕತೆ ಹಾಕ್ತೀನಿ, ಮೇಡಂ ಬರೆದದ್ದನ್ನೇ ಎತ್ತಿ. ಅಲ್ಡಾಬ್ರಾ ಹಡಗಿನ ಖರ್ಚು ನೋಡಿದ್ರೆ ಈ ಜನ್ಮಕ್ಕಲ್ಲ. ವಾಲೆ ದ ಮೇ ಟಿಕೆಟ್ ಆದ್ರೂ ತಗೊಂಡ್ರಾಯ್ತು. ಸೀಶೆಲ್ಸ್‌ನ ಕಪ್ಪು ಗಿಳಿ ಇರೋದು ಅದೇ ದ್ವೀಪದಲ್ಲಿ ಅಲ್ವಾ? ಕಾಣೋಕೆ ಯಾವ ಹೊತ್ತು ಒಳ್ಳೇದು?

ಹಳೆಹಡಗು:
ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಗುಂಪು ಬರುವ ಮುಂಚೆ. ಕಪ್ಪು ಎನ್ನುತ್ತಾರೆ, ನಿಜಕ್ಕೂ ಕಂದುಬೂದಿ ಬಣ್ಣ. ಎಲೆಯ ನೆರಳಿನಲ್ಲಿ ಕೂತರೆ ಗೊತ್ತೇ ಆಗುವುದಿಲ್ಲ. ಮೊದಲು ಶಿಳ್ಳೆ ಕೇಳುತ್ತದೆ, ಆಮೇಲೆ ಹುಡುಕಿ. ಕತ್ತೆತ್ತಿ ನಿಲ್ಲುವ ಮುಂಚೆ ತಲೆಯ ಮೇಲೆ ಯಾವ ಮರ ಇದೆ ಎಂದು ನೋಡಿಕೊಳ್ಳಿ. ಒಂದೊಂದು ಜೋಡುತೆಂಗು ಹದಿನೈದು ಕಿಲೋ ಮೇಲಿರುತ್ತದೆ.